ಪ್ರಿಯ ನಿವಾಸಿ

ತಿಂಗಳ ಐದಕ್ಕೆ ಫೋನು ಟಿಣ್ಣೆನ್ನುತ್ತದೆ:
"ಪ್ರಿಯ ನಿವಾಸಿ, ೬೦೪."
ಬೋಳಾರದ ಬಾಡಿಗೆ ಮನೆಯ ಹಂಚಿನಡಿ ಕೂತು
ಬಂಗುಡೆಯ ಮುಳ್ಳು ಬಿಡಿಸುತ್ತ
ಎಡಗೈಯಲ್ಲಿ ಓದುತ್ತಾಳೆ ನಿವಾಸಿ.

ಒಂಬೈನೂರ ನಲವತ್ತು ಚದರಡಿ, ಅಡಿಗೆ ಮೂರೂವರೆ.
ಲಿಫ್ಟಿಗೆ, ಕಾವಲಿಗೆ, ಜನರೇಟರು ಕುಡಿಯುವ ಡೀಸೆಲಿಗೆ,
ನಾನು ತುಳಿಯದ ಮೆಟ್ಟಿಲು ಗುಡಿಸುವವಳಿಗೆ,
ಮತ್ತೆ ಸಿಂಕಿಂಗ್ ಫಂಡಿಗೆ.
ಅದೆಂತದ್ದು ಮಾರಾಯ್ರೆ, ಕೇಳಿದೆ.
"ಮುಂದೆ ಮುಳುಗಬಾರದಲ್ಲ, ಅದಕ್ಕೆ ಈಗಲೇ,"
ಅಂದರು ಸೆಕ್ರೆಟರಿ ಪಡಿಯಾರ್ ಮಾಮ್.
"ನೀವು ಇದ್ದರೂ ಉಂಟು, ಇಲ್ಲದಿದ್ದರೂ ಉಂಟು."

ಇರಬೇಕೆಂದೇ ಇದ್ದೇವೆ.
ಅಡುಗೆಕಟ್ಟೆಗೆ, ಕಪಾಟಿಗೆ, ಒಳಗಿನ ನಾಲ್ಕು ಬಾಗಿಲಿಗೆ
ರತ್ನಾಕರ ಆಚಾರಿ ಬರೆದುಕೊಟ್ಟ ಚೀಟಿ
ನವೀನಚಂದ್ರನ ಸ್ಕೂಲ್ ವ್ಯಾನಿನ ಕನ್ನಡಿ ಹಿಂದೆ
ಬಿಸಿಲಿಗೆ ಹಳದಿಯಾಗಿದೆ.
ಕಂತು ಹೋಗಿ, ಬಾಡಿಗೆ ಹೋಗಿ,
ಉಳಿದದ್ದರಲ್ಲಿ ತಿಂಗಳಿಗೊಂದು ಬಾಗಿಲು ಬರುತ್ತಿತ್ತು.
ಆ ಬಾಗಿಲನ್ನು ಮನೆಯೇ ತಿನ್ನುತ್ತದೆ.
ಹನ್ನೊಂದು ತಿಂಗಳು, ಹನ್ನೊಂದು ಬಾಗಿಲು.
ಅಷ್ಟು ಬಾಗಿಲಿನ ಮನೆ ನಮಗೆ ಬೇಕಿರಲಿಲ್ಲ, ಅದು ಬೇರೆ.

ಭಾನುವಾರ ಡ್ಯೂಟಿ ಮುಗಿಸಿ ಕೂಳೂರಿಗೆ ಹೋದೆ.
ಗೇಟಲ್ಲಿ ಹೊಸಬ, ಯಂಕಪ್ಪ, ಬಾದಾಮಿ ಕಡೆಯವ.
"ಯಾರ ಮನಿಗ್ರಿ?"
ಆರುನೂರ ನಾಲ್ಕು.
"ಅಲ್ಲಿ ಯಾರೂ ಇಲ್ಲರೀ ಅಕ್ಕಾರ."
ನಾನೇ, ಅಂದೆ.
ಅವನು ನನ್ನ ಮುಖ ನೋಡಿದ, ಹಾಳೆ ನೋಡಿದ,
ನಂಬಿದರೂ ಪುಸ್ತಕ ಮುಂದಿಟ್ಟ.
ಪಾಪ, ಅವನ ಸಂಬಳದಲ್ಲಿ ನನ್ನದೂ ಒಂದು ಚೂರು ಉಂಟು,
ನಿಯತ್ತಾಗಿ ದುಡಿಯುತ್ತಾನೆ.
ಬಂದವರ ಹೆಸರು: ಸುಮಿತ್ರಾ.
ಯಾರ ಭೇಟಿಗೆ: ಸುಮಿತ್ರಾ.

ಲಿಫ್ಟಲ್ಲಿ ಆರಕ್ಕೆ ಹೋದೆ, ಇಳಿಯಲಿಲ್ಲ.
ಕೆಳಗೆ ಬಂದೆ. ಮತ್ತೆ ಮೇಲೆ.
ಹನ್ನೊಂದು ತಿಂಗಳ ಬಾಕಿ ಒಂದೇ ದಿನ ತೀರಿಸುವ ಹಟ.
ಮೂರನೇ ಸಲ ಎರಡನೇ ಮಾಳಿಗೆಯ ಹುಡುಗಿ
ಸೈಕಲ್ ಒಳಗೆ ತಳ್ಳಿ
"ಆಂಟಿ, ನಿಮಗೆ ಎಲ್ಲಿಗೆ?" ಕೇಳಿತು.
ನಾಚಿಕೆಯಾಯಿತು.

ನಾನು ಎಕ್ಸ್‌ರೇ ತೆಗೆಯುವವಳು.
ಇಪ್ಪತ್ತು ವರ್ಷದಿಂದ ಜನರ ಒಳಗನ್ನು
ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ.
ಈ ಮನೆಯೂ ಹಾಗೆಯೇ ಕಂಡಿತು:
ಕಂಬ ಉಂಟು, ಗೋಡೆ ಉಂಟು, ಮುರಿತ ಎಲ್ಲೂ ಇಲ್ಲ,
ನಡುವೆ ಕಪ್ಪಗೆ ಗಾಳಿ.
ಉಸಿರು ಎಳೆಯಿರಿ, ಹಿಡಿಯಿರಿ, ಅನ್ನುತ್ತೇನಲ್ಲ ದಿನಾ,
ಬಿಡಿ ಅನ್ನಲು ಮರೆತ ಹಾಗೆ.

ನಲ್ಲಿ ತಿರುಗಿಸಿದೆ. ಕೆಮ್ಮಿತು.
ಮೊದಲು ತುಕ್ಕು, ಆಮೇಲೆ ತಿಳಿ.
ಬೊಗಸೆ ಹಿಡಿದು ಕುಡಿದೆ.
ದುಬಾರಿ ನೀರು, ರುಚಿ ಏನಿಲ್ಲ.

ಬಾಲ್ಕನಿಯಿಂದ ಫಲ್ಗುಣಿ ಕಾಣುತ್ತದೆ,
ಅದರಾಚೆ ಕಡಲಲ್ಲಿ ಲಂಗರು ಹಾಕಿದ ಮೂರು ಹಡಗು.
ಬಂದರಿನೊಳಗೆ ಜಾಗವಾಗುವ ತನಕ ಹಾಗೇ ನಿಲ್ಲಬೇಕು,
ನಿಲ್ಲುವುದಕ್ಕೂ ದಿನಕ್ಕಿಷ್ಟು ಅಂತ ಲೆಕ್ಕವಂತೆ,
ನವೀನಚಂದ್ರ ಒಮ್ಮೆ ಹೇಳಿದ್ದ.
ಸಂಜೆಗೆ ಅವುಗಳ ದೀಪ ಹತ್ತಿತು.
ನನ್ನಲ್ಲಿ ಬಲ್ಬಿಲ್ಲ.

ಇಳಿದು ಬರುವಾಗ ಸ್ಟೇಟ್‌ಬ್ಯಾಂಕ್ ಬಸ್ಸಿನ ಹಾರ್ನು.
ಓಡಿದೆ.
"ಅಕ್ಕಾರ, ಹೋಗೋ ಟೈಮ್ ಬರೀಬೇಕ್ರಿ!"
ಕೈ ಬೀಸಿದೆ, ಅಷ್ಟೆ.

ಈಗ ರಾತ್ರಿ ಹತ್ತು.
ಒಲೆ ಒರೆಸಿ, ದೀಪ ಆರಿಸಿ, ಬೋಳಾರದಲ್ಲಿ ಮಲಗಿದ್ದೇನೆ.
ಯಂಕಪ್ಪನ ಪುಸ್ತಕದ ಪ್ರಕಾರ
ನಾನಿನ್ನೂ ಆರನೇ ಮಾಳಿಗೆಯಲ್ಲಿ ಇದ್ದೇನೆ.
ಎಂತ ಮಾಡುತ್ತಿರಬಹುದು ಅಲ್ಲಿ,
ಗ್ಯಾಸೂ ಇಲ್ಲದೆ.