ಇನ್ನೊಂದೀಟು

ಹೊಲ ಹಂಚಿದಿವಿ, ಬಾವಿ ನೀರಿಗೆ ಪಾಳಿ ಹಚ್ಚಿದಿವಿ,
ತಾಮ್ರದ ಹಂಡೇ ಸೈತ ತೂಗಿ ರೊಕ್ಕ ಕಟ್ಟಿದಿವಿ.
ಟ್ರ್ಯಾಕ್ಟರ್ ಒಂದು ಉಳೀತು.
ಅಪ್ಪ ಎಂಬತ್ನಾಲ್ಕರಾಗ ತಂದ ಝೀಟರ್,
ಅದರ ಬಣ್ಣ ಯಾವುದಿತ್ತಂತ
ಈಗ ಬಾನೆಟ್ಟಿನ ಒಳಮೈಗಷ್ಟ ಗೊತ್ತು.
ಸೋಮವಾರದಿಂದ ಬುಧವಾರ ಅಣ್ಣಂದು,
ಗುರುವಾರದಿಂದ ಶನಿವಾರ ನಂದು,
ಐತವಾರ ಯಾರದೂ ಅಲ್ಲ.
ಅವತ್ತೂ ಸೋರತಿತ್ತು.

ಕ್ಲಚ್ಚಿನ ಹೊಟ್ಟಿ ಕೆಳಗ ಒಂದು ತೂತು,
ತೂತಿಗೆ ಜೋತ ಪಿನ್ನು,
ಪಿನ್ನಿನ ತುದಿಗೆ ಹಗಲೂ ರಾತ್ರಿ ಒಂದು ಹನಿ.
"ಅಂವ ಎಣ್ಣಿ ತುಂಬೂದ ಹೆಚ್ಚು" ಅಂತ ನಾನು.
"ಅಂವ ಕ್ಲಚ್ಚಿನ ಮ್ಯಾಲ ಕಾಲಿಟ್ಟ ಹೊಡೀತಾನ" ಅಂತ ಅಂವ.
ನಾ ಹೇಳಿದ್ದು ಅವನ ಹೆಂಡತಿಗೆ,
ಅಂವ ಹೇಳಿದ್ದು ನನ್ನ ಹೆಂಡತಿಗೆ.
ಎಂಟು ತಿಂಗಳು.
ಕಡೀಕ ಅಣ್ಣ ಆ ತೂತಿಗೆ ಎಂ-ಸೀಲ್ ಮೆತ್ತಿದ,
ಎಣ್ಣಿ ಕ್ಲಚ್ ಪ್ಲೇಟಿಗೆ ಏರಿತು,
ತೇರದಾಳದ ಏರಿನ್ಯಾಗ ಕಬ್ಬಿನ ಟ್ರೇಲರ್
ಹಿಂದಕ ಹಿಂದಕ ಜಾರಿತು.

ಅಪ್ಪಾಲಾಲ ಮುಜಾವರ ಬಂದ.
ಎಂ-ಸೀಲ್ ಕೆತ್ತಿ, ಹನಿ ಬಟ್ಟಿಗೆ ಹಚಗೊಂಡು ಮೂಸಿದ.
"ಎಂಜಿನ್ನಿಂದಲ್ಲ, ಗೇರಿಂದು. ತೊಂಬತ್ತು ನಂಬರು.
ಕೊಳತ ತತ್ತಿ ವಾಸನಿ...
ನಿಮ್ಮಂಥ ಜೈನರಿಗೆ ಏನಂತ ಹೇಳ್ಲಿ,
ದೀವಳಗಿ ಪಟಾಕ್ಷಿ ಅನ್ನ್ರಿ.
ನಡುವ ಒಡೀಬೇಕು."

ಪಂಚರು ಆರು ಬೈಠಕಿನ್ಯಾಗ ಮಾಡಲಾರದ್ದು
ಅಪ್ಪಾಲಾಲ ಮಧ್ಯಾಹ್ನದೊಳಗ ಮಾಡಿದ.
ಮುಂದಿನ ಆಕ್ಸಲ್ಲಿಗೆ ಜಾಲಿ ಕಟಗೀ ಬೆಣಿ,
ಹೊಟ್ಟಿಗೆ ಜಾಕು,
ತುಕ್ಕು ತಿಂದ ಬೋಲ್ಟಿಗೆ ತುಸು ಡೀಸೆಲ್, ಒಂದು ಬೈಗುಳ,
ಆಮ್ಯಾಲ ಹತ್ತೊಂಬತ್ತರ ಪಾನಾ.
ಝೀಟರ್ ಎರಡು ಹೋಳಾಗಿ ನಿಂತಿತು,
ಮೂತಿ ಅಣ್ಣನ ಹೊಲಕ್ಕ, ಬೆನ್ನು ನನ್ನ ಹೊಲಕ್ಕ.
ನಡುವಿನ ಬಯಲಾಗ ಒಂದು ಅಳಿಲು
ಹಾದು ಹೋತು.

ಸೀಲಿನ ತುಟಿ ಗಟ್ಟಿಯಾಗಿ ಸೀಳಿತ್ತು.
ಅದು ಕುಂತಲ್ಲೆ ಶಾಫ್ಟಿನ ಮ್ಯಾಲ ಉಗುರಿಗೆ ಹತ್ತೂವಂಥ ಗೆರಿ.
ಹೊಸಾದನ್ನ ಮೊದಲಿನ ಜಾಗಕ್ಕ ಹೊಡೀಲಿಲ್ಲ,
ಒಂದ್ರೂಪಾಯಿ ಬಿಲ್ಲೆ ದಪ್ಪ ಈಚೆಗೆ ಕುಂಡ್ರಿಸಿದ.
ಆದರೂ ಸಮಾಧಾನ ಇಲ್ಲ ಅವಗ.
"ಇದು ಬರೇ ವಯಸ್ಸಿಗೆ ಹರದದ್ದಲ್ಲ" ಅಂದ,
ಸೀಟಿನ ಮುಂದ ಬಗ್ಗಿದ,
ನಕ್ಕ.
ಗೇರ್‌ಬಾಕ್ಸಿನ ಬ್ರೀದರಿಗೆ ಮಣ್ಣು ಮೆತ್ತಿತ್ತು,
ದುಂಡಗ, ನುಣ್ಣಗ: ಕುಂಬಾರ ಹುಳದ ಗೂಡು.
"ಬಿಸಿ ಆದದ್ದು ಉಸುರು ಬಿಡಬೇಕಲ್ಲ.
ಬಾಯಿ ಮುಚ್ಚಿದರ
ಎಲ್ಲೆ ಮೆತ್ತಗೈತಿ ಅಲ್ಲೆ ಹರೀತೈತಿ."
ನಾನೂ ಅಲ್ಲ, ಅಣ್ಣನೂ ಅಲ್ಲ. ಹುಳ.

ಸ್ಕ್ರೂಡ್ರೈವರ್ ಎತ್ತಿದವನ ಕೈ ಅಣ್ಣ ಹಿಡದ.
ಸೀಲಿನ ಡಬ್ಬಿ ಹರದು, ಆ ರಟ್ಟಿಲೆ
ಮೆಲ್ಲಕ, ಹಲ್ಲಿನ ಡಾಕ್ಟರನಂಗ ಎಬ್ಬಿಸಿದ.
ಒಳಗ ಹಸರು ಕೀಡಿ, ಒಂದು ಬಿಳೇ ಮರಿ.
ಬೇವಿನ ಕವಲಿನ್ಯಾಗ ಇಟ್ಟು ಬಂದ.
ಅವ್ವ ನೆಲ ಸಾರಿಸುವಾಗ
ಇರಿವಿಗೆ ಹಾದಿ ಬಿಡತಿದ್ದಳು. ನೆನಪಾತು,
ಅನಲಿಲ್ಲ.

ಕೂಡಸೂದು ಒಡದಂಗಲ್ಲ.
ಶಾಫ್ಟಿನ ಹಲ್ಲು ಕ್ಲಚ್ಚಿನ ಹಲ್ಲಿಗೆ ಒಲ್ಲೆ ಅಂತು.
ಇನ್ನೂ ಒಂದು ಬಟ್ಟು ಸಂದು.
ಅಪ್ಪಾಲಾಲ ಕೆಳಗ ಮಲಗಿ ಜಾಕು ಹಿಡದಿದ್ದ:
"ಒಬ್ಬರು ಮುಂದಿಂದ ಒತ್ತರಿ,
ಒಬ್ಬರು ಹಿಂದ ಪಿಟಿಓ ತಿರುವ್ರಿ.
ಇಬ್ಬರಿಗೂ ಕೂಗೂದು ನನ್ನಿಂದ ಆಗೂದಿಲ್ಲ,
ನೀವು ನೀವ ಹೇಳ್ಕೊರಿ."

ಸಂದು ಅಣ್ಣಗ ಕಾಣತೈತಿ, ನನಗ ಇಲ್ಲ.
ತಿರುವಿದೆ. ಏನಿಲ್ಲ.
ತಿರುವಿದೆ.
ಹೊತ್ತು ಕಬ್ಬಿನ ಸೂಲಂಗಿಗೆ ಇಳದಿತ್ತು,
ಮುಳುಗೂದ್ರೊಳಗ ನಾವಿಬ್ಬರೂ ಉಣ್ಣಬೇಕು,
ಅದು ಕೆಳಗ ಮಲಗಿದವಗೂ ಗೊತ್ತು.

"ಇನ್ನೊಂದೀಟು."

ಗಂಟಲದಾಗ ಎಂಟು ತಿಂಗಳ ತುಕ್ಕು.
"ಯಾ ಕಡೆ?" ಅಂದೆ.
"ಬಲಕ್ಕ.
ನಿನ್ನ ಬಲಕ್ಕಲ್ಲೋ ಪಾಯಪ್ಪ, ನನ್ನ ಬಲಕ್ಕ."

ಖಟ್.

ಅವತ್ತು ಮತ್ತೇನೂ ಮಾತಾಡಲಿಲ್ಲ.
ಸೀಲು, ಎಣ್ಣಿ, ಮಜೂರಿ, ಎಲ್ಲಾ ಅರ್ಧರ್ಧ.
ಚಿಲ್ಲರಿ ಇಲ್ಲದಕ ಐದು ರೂಪಾಯಿ
ಅಣ್ಣನ ಕಡೆ ಉಳೀತು, ಇನ್ನೂ ಐತಿ.

ಐತವಾರ ನಸುಕಿನ್ಯಾಗ
ಕೆಳಗ ಹಾಸಿದ ರಟ್ಟು ನೋಡಾಕ ಹೋದರ
ಅಂವ ಆಗಲೇ ಕುಕ್ಕರಗಾಲಿಲೆ ಕುಂತಿದ್ದ.
ರಟ್ಟು ಒಣಗಿತ್ತು.
ಬ್ರೀದರಿನ ಸುತ್ತ ಒಂದು ಹುಳ,
ಬಾಯಾಗ ಹಸೀ ಮಣ್ಣು,
ಜಾಗ ಹುಡಕತಿತ್ತು.