ವೇ ಬಿಲ್

ಜಿಲ್ಲಾ ಆಸ್ಪತ್ರೆಯ ಹದಿನಾಲ್ಕನೇ ಕೋಣೆಯಲ್ಲಿ
ಲವೀನಾ ಮೇಡಂ ಕೊಟ್ಟ ಹಾಳೆ
ನಮ್ಮ ವೇ ಬಿಲ್ಲಿನ ಹಾಗೇ ಇತ್ತು.
ಎಡಕ್ಕೆ ಗಂಟೆ. ನಡುವೆ, ಏನು ಮಾಡಿದಿರಿ.
ಬಲಕ್ಕೆ ಎರಡು ಸಣ್ಣ ಕಾಲಮ್ಮು:
ಹಿತವೆನಿಸಿದ್ದು ಹತ್ತಕ್ಕೆ ಎಷ್ಟು,
'ಆಯ್ತಲ್ಲ' ಅನಿಸಿದ್ದು ಹತ್ತಕ್ಕೆ ಎಷ್ಟು.

ಹತ್ತೊಂಬತ್ತು ವರ್ಷ ಕಂಡಕ್ಟರು ನಾನು.
ಪೈಸೆ ತಪ್ಪದೆ ಲೆಕ್ಕ ಒಪ್ಪಿಸಿದವನು
ನೂಲಹುಣ್ಣಿಮೆಯಿಂದೀಚೆ
ಗೋಡೆಗೆ ಮುಖಮಾಡಿ ಮಲಗಿದ್ದೇನೆ.
ಏನಾಯ್ತು ಅಂದರೆ, ಏನೂ ಆಗಿಲ್ಲ.
ಅದನ್ನೇ ಹೇಳಲು ಬರುವುದಿಲ್ಲ.

ಸೋಮವಾರ: ಹಲ್ಲುಜ್ಜಿದೆ. ಸೊನ್ನೆ. ಒಂದು.
ಮಂಗಳವಾರ: ಗೇಟಿನ ತನಕ.
ಶೇವಂತಾಬಾಯಿ 'ಏನು, ರಜೆಯೋ?' ಅಂದಳು,
ತಿರುಗಿ ಬಂದೆ.
ಬುಧವಾರ ಖಾಲಿ.
ಖಾಲಿ ಬಿಟ್ಟದ್ದಕ್ಕೆ ಮೆಮೋ ಬರುತ್ತದೆ ಅಂದುಕೊಂಡಿದ್ದೆ.
ಮೇಡಂ ಪೆನ್ನಿನ ತುದಿಯಿಂದ 'ಗೇಟು' ಮುಟ್ಟಿ ಕೇಳಿದರು:
ಇಲ್ಲಿಂದ ಮುಂದಿನ ಸ್ಟೇಜ್ ಯಾವುದು?

ಮನಸ್ಸಿಲ್ಲ ಮೇಡಂ. ಅದು ಬರಲಿ, ಆಮೇಲೆ ಹೊರಡುತ್ತೇನೆ.

'ಬೆಳಗಿನ ಆರೂ ಹತ್ತರ ಗಾಡಿ
ಯಾರೂ ಬಾರದಿದ್ದರೆ ಬಿಡುವುದಿಲ್ಲವೋ?'

ಬಿಡುತ್ತೇವೆ.
ಖಾಲಿ ಸೀಟು ಹೊತ್ತೇ ಬೈತಖೋಲ ದಾಟುತ್ತೇವೆ,
ಬಿಣಗಾದಲ್ಲಿ ಇಬ್ಬರು, ಅರ್ಗಾದಲ್ಲಿ ಒಬ್ಬ,
ಅವರ್ಸಾ ಬರುವಷ್ಟರಲ್ಲಿ ನಿಲ್ಲಲು ಜಾಗವಿರುವುದಿಲ್ಲ.
ಹೇಳಿ ಮುಗಿಸಿದ ಮೇಲೆ
ಸಿಕ್ಕಿಬಿದ್ದೆನೆಂದು ತಿಳಿಯಿತು.

ಶನಿವಾರ, ಹತ್ತೂಕಾಲು.
ಅಂಗಿಯ ಗುಂಡಿ ಹಾಕುವುದೇ
ಕೆಟ್ಟು ನಿಂತ ಬಸ್ಸು ತಳ್ಳಿದಷ್ಟು ಸುಸ್ತು.
ಅಮದಳ್ಳಿಗೆ ಟಿಕೆಟ್ಟು ತೆಗೆದೆ, ದುಡ್ಡು ಕೊಟ್ಟು.
ಪಾಸು ಕಿಸೆಯಲ್ಲಿತ್ತು. ತೋರಿಸಲಿಲ್ಲ.
ಡ್ರೈವರ್ ಬೊಮ್ಮಯ್ಯ ಗೌಡ ಕನ್ನಡಿಯಲ್ಲಿ ನೋಡಿದ;
ಏನೂ ಕೇಳಲಿಲ್ಲ, ಪುಣ್ಯಾತ್ಮ.
ಸಮುದ್ರ ಬಲಕ್ಕಿತ್ತು, ಇರಬೇಕಾದಲ್ಲೇ.
ಚೆಂದ ಕಾಣಲಿಲ್ಲ.
ಎದುರು ಸೀಟಿನ ರೆಕ್ಸಿನ್ ಹರಿದದ್ದು ಕಂಡಿತು.

ಚೆಂಡಿಯಾದಲ್ಲಿ ಹತ್ತಿದಳು ಮೀನುಬುಟ್ಟಿಯವಳು,
ಕೈಯಲ್ಲಿ ಐನೂರರ ನೋಟು.
ಹೊಸ ಹುಡುಗ, 'ಚಿಲ್ಲರೆ ಇಲ್ಲ, ಇಳಿ' ಎಂದು ರೇಗುತ್ತಿದ್ದ.
ನನ್ನ ಕೈ ನನ್ನನ್ನು ಕೇಳಲಿಲ್ಲ.
ಎಣಿಸಿಯೇ ಬಿಟ್ಟಿತು:
ಇನ್ನೂರರದು ಎರಡು, ಐವತ್ತರದು ಒಂದು,
ಹತ್ತರದು ಐದು.
ಎಣಿಸುವಾಗ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡದ್ದು
ಇಳಿದ ಮೇಲೆ ನೆನಪಾಯಿತು.

ಅಮದಳ್ಳಿಯಲ್ಲಿ ಚಹಾ ಕುಡಿದೆ. ಸಪ್ಪೆ.
ಮರಳುವ ಬಸ್ಸಿಗೆ ಇನ್ನೂ ನಲವತ್ತು ನಿಮಿಷ.
ಹಾಳೆ ಬಿಡಿಸಿ ಬರೆದೆ. ಹಿತ: ಎರಡು.
'ಆಯ್ತಲ್ಲ': ನಾಲ್ಕು.
ಜಾಸ್ತಿಯಾಯಿತೇನೋ ಎಂದು ಹೊಡೆದುಹಾಕಿ
ಮೂರು ಮಾಡಿದೆ.
ಬಸ್ಸು ತಿರುವಿನಲ್ಲಿ ಹಾರನ್ ಹಾಕಿತು.
ಮತ್ತೆ ನಾಲ್ಕೇ ಬರೆದೆ,
ತಿದ್ದಿದಲ್ಲಿ ಸಹಿ ಹಾಕಿದೆ.
ರೂಲ್ಸು ಹಾಗೇ.