ಮೂರನೆಯದು ಎಂದಳು ಬೀಶ್ಯಾ

ಕೀಲುಂಗ್ ಬಂದರಿನ ಹಿಂದಿನ ಬೀದಿ, ಎರಡನೆಯ ಮಹಡಿ,
ಷೇರು ದಲ್ಲಾಳಿ ಅಂಗಡಿಯ ಹಜಾರ.
ನಲವತ್ತು ಪ್ಲಾಸ್ಟಿಕ್ ಕುರ್ಚಿ, ಹನ್ನೊಂದು ಜನ ಮುದುಕರು,
ಒದ್ದೆ ಕೊಡೆಗಳ ಒಂದು ಬಕೆಟ್ಟು.
ಒಂಬತ್ತಕ್ಕೆ ಸರಿಯಾಗಿ ತೆರೆ ಬೆಳಗುತ್ತದೆ.
ತೈವಾನಿನಲ್ಲಿ ಏರಿದರೆ ಕೆಂಪು, ಇಳಿದರೆ ಹಸಿರು;
ಹೊರಗಿನಿಂದ ಬಂದವರು ಮೊದಲ ವಾರ
ಅಳಬೇಕಾದಲ್ಲಿ ನಗುತ್ತಾರೆ.

ನಾನು ಮೂರನೆಯ ಕಿಟಕಿಯ ಗುಮಾಸ್ತ.
ಚೀಟಿಗೆ ಮುದ್ರೆ ಒತ್ತುವುದು ಕೆಲಸ.
ಈಗ ಎಲ್ಲರೂ ಫೋನಿನಲ್ಲೇ ಕೊಂಡು ಫೋನಿನಲ್ಲೇ ಮಾರಿ
ನನ್ನ ಶಾಯಿದಿಂಡು ಅಂಚಿನಿಂದ ಒಣಗುತ್ತಿದೆ.

ಯೂ ಬೀಶ್ಯಾ ಪರದೆಯನ್ನು ಹೆಚ್ಚು ನೋಡುವುದಿಲ್ಲ.
ತೊಡೆಯ ಮೇಲೆ ಗ್ರಾಫ್ ಹಾಳೆ, ಮೊಂಡು ಪೆನ್ಸಿಲು.
ಹಡಗು ಕಂಪನಿಯ ಷೇರಿನ ಬೆನ್ನುಮೂಳೆ ಬರೆಯುತ್ತಾಳೆ:
ಒಂದು ಮೇಲಕ್ಕೆ, ಎರಡು ಕೆಳಕ್ಕೆ,
ಮೂರು ಉದ್ದಕ್ಕೆ ಎದ್ದು,
ನಾಲ್ಕು ಮೆಟ್ಟಿಲ ಮೇಲೆ ಸೊಂಟ ಹಿಡಿದು ಕೂತು,
ಐದು ಏದುಸಿರಿನಲ್ಲಿ ತುದಿಗೆ.
ಆಮೇಲೆ ಇಳಿಯುವ ಮೂರಕ್ಕೆ ಅಂಕಿಯಿಲ್ಲ, ಅಕ್ಷರ.
ಬಿದ್ದವನು ತಾನೆ ಅಕ್ಷರ ಕಲಿಯೋದು, ಅನ್ನುತ್ತಾಳೆ.

ಎರಡನೆಯದು ಒಂದರ ಬುಡ ದಾಟಕೂಡದು.
ಮೂರನೆಯದು ಎಲ್ಲರಿಗಿಂತ ಗಿಡ್ಡ ಇರಕೂಡದು.
ನಾಲ್ಕನೆಯದು ಒಂದರ ಅಂಗಳಕ್ಕೆ ಕಾಲಿಡಕೂಡದು.
ಓರಗಿತ್ತಿಯರ ಮನೆಯ ಕಾನೂನು.

ಮೂವತ್ತೊಂದು ವರ್ಷ ಬಂದರಿನಲ್ಲಿ
ಉಬ್ಬರ ಇಳಿತ ಬರೆದುಕೊಂಡ ಕೈ ಅದು.
ತೇಲುಗುಂಡು, ಸುತ್ತುವ ಉರುಳೆ, ನೀಲಿ ಗೆರೆ.
ಒಂದು ರಾತ್ರಿ ಗುಂಡಿಗೆ ಚಿಪ್ಪು ಕಚ್ಚಿ ನಿಂತೇಹೋಯಿತಂತೆ.
ನಾಲ್ಕು ಗಂಟೆಯ ಸಮುದ್ರವನ್ನು
ಅವಳು ಎಣಿಸಿ, ಅಂದರೆ ಊಹಿಸಿ, ಕೈಯಿಂದಲೇ ಗೆರೆ ಎಳೆದಳು.
ಮೇಲಧಿಕಾರಿ ಸಹಿ ಹಾಕಿದ.
ಸಮುದ್ರವೂ ತಕರಾರು ಎತ್ತಲಿಲ್ಲ.
ಇದನ್ನು ನನಗೊಬ್ಬನಿಗೇ ಹೇಳಿದ್ದು,
ಬಿಸಿನೀರಿನ ಯಂತ್ರದ ಹತ್ತಿರ, ಲೋಟ ತುಂಬುವಷ್ಟರಲ್ಲಿ.

ಅದಕ್ಕಾದರೆ ಚಂದ್ರ ಇದ್ದ, ಎಂದಳು. ಇದಕ್ಕೆ ಯಾರು?
ಅಮೆರಿಕದ ಬಡ್ಡಿ, ಎಂದ ಒಬ್ಬ.
ನನ್ನ ಭಾವಮೈದ, ಎಂದ ಇನ್ನೊಬ್ಬ. ನಾನು ಕೊಂಡದ್ದನ್ನೆಲ್ಲ ಅವನೂ ಕೊಳ್ಳುತ್ತಾನೆ, ಆ ಕ್ಷಣ ಬೀಳುತ್ತದೆ.

ಮಾರ್ಚಿಯಲ್ಲಿ ಪೆನ್ಸಿಲು ಕಿವಿಗೆ ಸಿಕ್ಕಿಸಿ
ಮೂರನೆಯದು, ಎಂದಳು ಬೀಶ್ಯಾ. ಈಗಷ್ಟೆ ಎದ್ದಿದೆ.
ಕೆ ಜಿನ್‌ಶುಯಿ ಕೇಳಿಸಿಕೊಂಡ.
ರಾತ್ರಿಯಿಡೀ ಮೀನು ಹರಾಜು ಕೂಗಿ ನೇರ ಇಲ್ಲಿಗೆ ಬರುವವನು,
ಮುಂಗೈ ಮೇಲೆ ಒಂದು ಶಲ್ಕ ಹೊಳೆಯುತ್ತಿತ್ತು.
ಹಲ್ಲಿನ ಸೆಟ್ಟಿಗೆಂದು ಕೂಡಿಟ್ಟ ಹಣದ ಚೀಟಿಗೆ
ನಾನೇ ಮುದ್ರೆ ಒತ್ತಿದೆ. ಅಕ್ಷರ ಮಸುಕಾಗಿತ್ತು, ಎರಡು ಸಲ ಒತ್ತಿದೆ.

ಆರು ದಿನ ಕೆಂಪು.
ಆಮೇಲೆ ಒಂಬತ್ತು ದಿನ ಹಸಿರು, ಪಾಚಿಯ ಹಸಿರು.

ಅದು ಐದನೆಯದಾಗಿತ್ತು.
ಅವಳು ಹಾಳೆಯ ಮೇಲೆ ಮೂರನ್ನು ಅಳಿಸಿದಳು,
ಐದು ಬರೆದಳು, ಹಿಂದಿನದೆಲ್ಲ ತಿದ್ದಿದಳು,
ಐದೂ ಅಳಿಸಿದಳು.
ರಬ್ಬರು ತಿಕ್ಕಿ ತಿಕ್ಕಿ ಹಾಳೆ ಅಲ್ಲಿ ತೂತಾಯಿತು.
ಎತ್ತಿ ಹಿಡಿದು ಅದರೊಳಗಿಂದ ನೋಡಿದಳು.
ಕ್ರೇನಿನ ತುದಿ ಕಂಡಿರಬೇಕು, ಅಥವಾ ನಾನು.

ಬೈಯುತ್ತಾನೆಂದು ಎಲ್ಲರೂ ಕಾದೆವು.
ಜಿನ್‌ಶುಯಿ ಪಕ್ಕದ ಕುರ್ಚಿಗೆ ಬಂದು ಕೂತ,
ಬೋಳು ಒಸಡಿನಲ್ಲಿ ಮೀನುಂಡೆ ಒತ್ತುತ್ತ
ಎಣಿಸು, ಎಂದ. ಮತ್ತೆ ಎಣಿಸು, ನನಗೇನು ಅವಸರ,
ಗಂಜಿಗೆ ಹಲ್ಲು ಬೇಡ.

ಒಂದೂವರೆಗೆ ತೆರೆ ಆರಿತು.
ಹೊರಗೆ ಈ ಊರಿನ ಮುಗಿಯದ ಮಳೆ.
ಬೀಶ್ಯಾ ಹಾಳೆಯನ್ನು ನಾಲ್ಕಾಗಿ ಮಡಿಸಿ ಕೋಟಿನೊಳಗಿಟ್ಟು
ಬಕೆಟ್ಟಿನ ಮುಂದೆ ನಿಂತಳು.
ಬೆರಳು ಮಡಿಸಿ ಏನೋ ಲೆಕ್ಕ ಹಾಕಿ
ಮೂರನೆಯ ಕೊಡೆ ಎಳೆದುಕೊಂಡು ಇಳಿದುಹೋದಳು.

ಅದು ನನ್ನದು.